ಕಥೆ ಹೇಳಿ ಬದುಕಿದವರು

ಕಥೆ ಹೇಳಿ ಹೊಟ್ಟೆ ಹೊರೆಯುವುದು ಕನ್ನಡನಾಡಿಗೆ ಹೊಸ ಕಸುಬೇನೂ ಅಲ್ಲ. ಗಗನ್ ಶ್ರೀನಿವಾಸ್ ಎಂಬ ತರುಣ ‘ಡಾಕ್ಟರ್ ಬ್ರೋ’ ಎಂದು ಹೆಸರಿಟ್ಟುಕೊಂಡು, ಕ್ಯಾಮೆರಾ ಹಿಡಿದು ಆಫ್ಘಾನಿಸ್ತಾನಕ್ಕೂ ಆಫ್ರಿಕದ ದೇಶಗಳಿಗೂ ಹೋಗಿ, ಕಂಡದ್ದನ್ನು ಆಡುಮಾತಿನಲ್ಲಿ ಹೇಳಿ ಯೂಟ್ಯೂಬಿನಲ್ಲಿ ಲಕ್ಷಾಂತರ ಮಂದಿಯನ್ನು ಕಲೆಹಾಕಿದಾಗ ನಮ್ಮ ಪಟ್ಟಣವಾಸಿಗಳು ಬೆರಗಾದರು. ಈತ ನೋಡುಗರನ್ನು ‘ದೇವ್ರು’ ಎಂದು ಕರೆದೇ ಮಾತಿಗೆ ತೊಡಗುತ್ತಾನೆ. ಬೆರಗು ಸಹಜವೇ. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನು ಬಲ್ಲವರಿಗೆ ಈ ಕಸುಬಿನ ಹಳೆಯ ಮನೆತನವೊಂದು ನೆನಪಾಗದೆ ಇರದು.

ಅರಿಕುಠಾರವೆಂಬ ಊರು ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯ ಹುಟ್ಟೂರೆಂಬ ಕಾರಣಕ್ಕೆ 1818ರಲ್ಲಿ ಚಾಮರಾಜನಗರವಾಯಿತು. ಅರಮನೆಯ ಚರಿತ್ರೆ ಇಷ್ಟನ್ನು ಬರೆದಿಟ್ಟಿದೆ. ಅದು ಬರೆಯದ ಚರಿತ್ರೆಯನ್ನು ಹೊತ್ತು ತಿರುಗಿದವರು ಇಬ್ಬರು: ಮಲೆಯ ಮಾದಪ್ಪನನ್ನು ಹಾಡುವ ದೇವರಗುಡ್ಡರು, ಮಂಟೇಸ್ವಾಮಿ-ಸಿದ್ದಪ್ಪಾಜಿಯರನ್ನು ಹಾಡುವ ನೀಲಗಾರರು. ಮೊದಲಿನವರ ಕೈಯಲ್ಲಿ ಕಂಸಾಳೆ. ಎರಡನೆಯವರ ಹೆಗಲಲ್ಲಿ ತಂಬೂರಿ, ಜೊತೆಗೆ ಡಕ್ಕಿ, ಗಗ್ಗರ, ತಾಳ. ನೀಲಗಾರರಲ್ಲಿ ಬಹುಮಂದಿ ದಲಿತರು. ಊರಿನ ಒಳಬೀದಿಯಲ್ಲಿ ಜಾಗವಿಲ್ಲದವರ ಬಾಯಲ್ಲಿ ಊರಿನ ಮಹಾಕಾವ್ಯ ಉಳಿದುಬಂತು.

ಈ ವೃತ್ತಿಗೂ ಒಂದು ಕ್ರಮವಿತ್ತು. ಹರಕೆಯ ಮಗನಾಗಿ ದೀಕ್ಷೆ ಪಡೆಯುವುದು, ಹಿರಿಯ ಗಾಯಕನ ಹಿಂದೆ ನಿಂತು ಹಿಮ್ಮೇಳದ ಸೊಲ್ಲು ಹೇಳುವುದು, ವರ್ಷಗಳ ಮೇಲೆ ತಾನೇ ಮುಂದಾಳಾಗುವುದು. ಮನೆಮನೆಯ ಭಿಕ್ಷೆ ಇವರಿಗೆ ವ್ರತದ ಅಂಗ. ನೀಡಿದವರೂ ಅದನ್ನು ತಿರುಪೆಯೆಂದು ಭಾವಿಸಲಿಲ್ಲ. ಮೊರದಲ್ಲಿ ಬಂದ ರಾಗಿಗೆ ಒಂದು ಪದ, ಇಡೀ ರಾತ್ರಿಯ ಕರೆಗೆ ಇಡೀ ಕಾವ್ಯ. ಕಾವ್ಯವನ್ನು ಇವರು ‘ಸಾಲು’ಗಳಾಗಿ ವಿಂಗಡಿಸಿಕೊಂಡಿದ್ದರು. ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲನ್ನೇ ನೋಡಿ. ಕಾಡಿಗೆ ಹೊರಟ ಗಂಡ ನೀಲೇಗೌಡ, ಪಾತಿವ್ರತ್ಯಕ್ಕೆ ಭಾಷೆ ಕೊಡೆಂದು ಹೆಂಡತಿಯನ್ನು ಕಾಡುತ್ತಾನೆ, ಆಕೆ ಕೊಡಲೊಲ್ಲಳು, ಚಿತ್ರಹಿಂಸೆ ನಡೆಯುತ್ತದೆ, ಕೊನೆಗೆ ಮಾದಪ್ಪನೇ ಬಾಗಿಲಿಗೆ ಬರುತ್ತಾನೆ. ಕಥೆ ಇಷ್ಟೇ. ಆದರೆ ಅದನ್ನು ಒಂದು ಗಂಟೆಯಲ್ಲಿ ಮುಗಿಸಬೇಕೋ, ಕೋಳಿ ಕೂಗುವವರೆಗೆ ಎಳೆಯಬೇಕೋ ಎಂಬುದನ್ನು ಎದುರಿಗೆ ಕುಳಿತವರ ಮುಖ ನೋಡಿ ಗಾಯಕ ನಿಶ್ಚಯಿಸುತ್ತಿದ್ದ. ಹಾಡಿನ ಅಳತೆ ಕೇಳುಗನಿಗೂ ಹಾಡುಗನಿಗೂ ಸೇರಿದ ಒಪ್ಪಂದವಾಗಿತ್ತು.

ಇದೇ ಮಣ್ಣಿನಿಂದ ಬೇರೆ ದಾರಿ ಹಿಡಿದವರೂ ಉಂಟು. ತಾಳವಾಡಿಯ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ, ನಟರಾಗಿದ್ದ ತಂದೆ ಪುಟ್ಟಸ್ವಾಮಯ್ಯನವರ ಬೆನ್ನು ಹಿಡಿದು ನಾಟಕ ಕಂಪೆನಿಯಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರರಾದದ್ದನ್ನು ಓದುಗರು ಬಲ್ಲರು. ಅದು ಟಿಕೆಟ್ಟಿನ ಲೋಕ. ನೀಲಗಾರನಿಗೆ ಆ ಲೋಕದ ಬಾಗಿಲು ತೆರೆಯಲಿಲ್ಲ.

ಅವನ ಕಡೆಗೆ ಯಂತ್ರಗಳೇ ಒಂದೊಂದಾಗಿ ಬಂದವು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತೊಡಗಿದ ಆಕಾಶವಾಣಿ ಮುಂದೆ ಜನಪದ ಗೀತೆಗೂ ಎಡೆ ಕೊಟ್ಟಿತು, ನಿಮಿಷದ ಲೆಕ್ಕದಲ್ಲಿ. ವಿದ್ವಾಂಸರು ಧ್ವನಿಮುದ್ರಣ ಯಂತ್ರ ತಂದರು. ಜೀ. ಶಂ. ಪರಮಶಿವಯ್ಯ, ಪಿ. ಕೆ. ರಾಜಶೇಖರ ಮೊದಲಾದವರು ಪಟ್ಟ ಶ್ರಮವಿಲ್ಲದೆ ಈ ಕಾವ್ಯಗಳು ನಮ್ಮ ತರಗತಿಗೆ ಬರುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೂ ಒಂದು ಮಾತು ಹೇಳಲೇಬೇಕು. ಜನಪದ ಕಾವ್ಯದ ಪುಸ್ತಕವೆಂದರೆ ಸಂಪಾದಕನ ಹೆಸರು ಮುಖಪುಟಕ್ಕೆ, ಹಾಡಿದವನ ಹೆಸರು ಮುನ್ನುಡಿಗೆ ಎಂಬುದು ನಮ್ಮಲ್ಲಿ ವಾಡಿಕೆಯಾಯಿತು. ಅಧ್ಯಾಪಕ ವರ್ಗ ಇದನ್ನು ಅಸಹಜವೆಂದು ಎಣಿಸಲಿಲ್ಲ. ಆಮೇಲೆ ಕ್ಯಾಸೆಟ್ಟು. ಅದರ ಒಂದು ಮಗ್ಗುಲಿಗೆ ಅರ್ಧ ಗಂಟೆ. ಸಂಕಮ್ಮ ಅದರೊಳಗೇ ಅತ್ತು ಮುಗಿಸಬೇಕು.

2016ರಲ್ಲಿ ಜಿಯೋ ಕಂಪೆನಿ ಅಗ್ಗದ ಇಂಟರ್‌ನೆಟ್ ಹಂಚಿದ ಮೇಲೆ ಕಾಲದ ಈ ಕಟ್ಟು ಕಳಚಿತು. ಮತ್ತೆ ಇಡೀ ರಾತ್ರಿಯ ಕಥೆಯನ್ನು ಇಡಿಯಾಗಿ ಇಡಬಹುದು, ಯೂಟ್ಯೂಬ್ ಬೇಡವೆನ್ನುವುದಿಲ್ಲ. ಅದರ ಹಣದ ನಿಯಮ ಮಾತ್ರ ಬೇರೆ. 2018ರಿಂದ, ದೀರ್ಘ ವಿಡಿಯೋಗಳ ದಾರಿಯಲ್ಲೇ ಜಾಹೀರಾತಿನ ಪಾಲಿಗೆ ಅರ್ಹವಾಗಬೇಕೆಂಬ ಚಾನೆಲ್ಲಿಗೆ 1,000 ಮಂದಿ ಚಂದಾದಾರರೂ ವರ್ಷವೊಂದರಲ್ಲಿ 4,000 ಗಂಟೆಗಳ ನೋಟವೂ ಇರಬೇಕು. ಆಮೇಲೆ ದೀರ್ಘ ವಿಡಿಯೋಗಳ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಪಾಲು ಸಿಗುತ್ತದೆ. 4,000 ಗಂಟೆ ಎಂದರೇನು? 500 ಮಂದಿ ಒಂದು ರಾತ್ರಿ ಎಂಟು ಗಂಟೆ ಕುಳಿತು ಕೇಳಿದರೆ ಆಯಿತು. ಚಿಕ್ಕಲ್ಲೂರು ಜಾತ್ರೆಯ ಜನಸಂದಣಿ ನೋಡಿದವರಿಗೆ ಇದೊಂದು ದೊಡ್ಡ ಸಂಖ್ಯೆಯಾಗಿ ತೋರದು. ಆದರೆ ಈ ಗಂಟೆಗಳು ಜಮೆಯಾಗುವುದು ವಿಡಿಯೋ ಹಾಕಿದವನ ಖಾತೆಗೆ. ತಂಬೂರಿ ಹಿಡಿದವನು ಒಬ್ಬ, ಫೋನು ಹಿಡಿದವನು ಇನ್ನೊಬ್ಬನಾದರೆ, ಕಂಪೆನಿ ಗುರುತಿಸುವುದು ಎರಡನೆಯವನನ್ನು. ಡಾಕ್ಟರ್ ಬ್ರೋಗೆ ಈ ತೊಡಕಿಲ್ಲ; ಹೇಳುವವನೂ ಹಿಡಿಯುವವನೂ ಅವನೇ.

ಗುಂಡ್ಲುಪೇಟೆಯ ರೈತ ಈ ವಿಷಯದಲ್ಲಿ ಜಾಣ. ಮಳೆಗಾಲದಲ್ಲಿ ಊಟಿ, ಕೇರಳದ ದಾರಿಯ ಪ್ರವಾಸಿಗಳು ಸೂರ್ಯಕಾಂತಿ, ಚೆಂಡುಹೂವಿನ ಹೊಲಕ್ಕೆ ನುಗ್ಗಿ ಚಿತ್ರ ತೆಗೆಯತೊಡಗಿದಾಗ, ಹೊಲದ ಬದುವಿನಲ್ಲೇ ನಿಂತು ತಲೆಗಿಷ್ಟು ಎಂದು ಹಣ ಕೇಳುವುದನ್ನು ಕಲಿತ. ಹಾಡುವವನಿಗೆ ಹಾಗೆ ನಿಲ್ಲಲು ಬದು ಎಲ್ಲಿದೆ?

ಕಾನೂನಿನಲ್ಲಿದೆ. 1994ರಲ್ಲಿ ತಿದ್ದಿದ ಕೃತಿಸ್ವಾಮ್ಯ ಕಾಯಿದೆ ‘ಪ್ರದರ್ಶಕ’ರ ಪಟ್ಟಿಯಲ್ಲಿ ಗಾಯಕ, ನಟ, ದೊಂಬರವ, ಹಾವಾಡಿಗರನ್ನು ಸೇರಿಸಿತು, ಉಪನ್ಯಾಸ ಮಾಡುವವನನ್ನೂ ಬಿಡಲಿಲ್ಲ. ಹಾವಾಡಿಗನ ಪಕ್ಕದಲ್ಲೇ ನನಗೂ ಕುರ್ಚಿ ದೊರೆತದ್ದು ಸಂತೋಷದ ಸಂಗತಿ. 2012ರ ತಿದ್ದುಪಡಿ, ಪ್ರದರ್ಶನದೊಡನೆ ತನ್ನ ಹೆಸರು ಹೇಳಬೇಕೆಂದು ಕೇಳುವ ಹಕ್ಕನ್ನೂ, ವ್ಯಾಪಾರಕ್ಕೆ ಬಳಸಿದಾಗ ಪಾಲು ಪಡೆಯುವ ಹಕ್ಕನ್ನೂ ಕೊಟ್ಟಿತು. ಜಾತ್ರೆಯ ಹಾಡುಗಳ ವಿಡಿಯೋ ಈಗ ಬೇಕಾದಷ್ಟಿವೆ. ಊರಿನ ಹೆಸರು, ಜಾತ್ರೆಯ ಹೆಸರು, ಚಾನೆಲ್ಲಿನ ಹೆಸರು ಎಲ್ಲವೂ ಇದ್ದು, ಹಾಡಿದವರು ಯಾರೆಂದು ಹೇಳದವು ಅವುಗಳಲ್ಲಿ ಕಡಿಮೆಯಿಲ್ಲ.