ಅರವತ್ತೆಂಟು ರೂಪಾಯಿಯ ಮಾಡು

ಬೈಕುಲ್ಲಾದ ನಮ್ಮ ಚಾಳಿನ ಖೋಲಿಗೆ ತಿಂಗಳ ಬಾಡಿಗೆ 68 ರೂಪಾಯಿ. ದುರಸ್ತಿ ಸೆಸ್ ಬೇರೆ. ಕಳೆದ ಮಳೆಗಾಲದಲ್ಲಿ ಮೇಲಿನ ಮನೆಯ ಮೋರಿಯ ನೀರು ಇಳಿದು ಇಳಿದು, ಒಂದು ರಾತ್ರಿ ಅಮ್ಮ ಮಲಗುವ ಜಾಗಕ್ಕೇ ಗಾರೆಯ ದೊಡ್ಡ ಹಳಕು ಬಿತ್ತು. ಪುಣ್ಯಕ್ಕೆ ಅಮ್ಮ ನೀರು ಕುಡಿಯಲು ಎದ್ದಿದ್ದರು. ಮೇಲಿನ ಮೋರಿ ಒಡೆದು ಕಟ್ಟಿ, ಪೈಪು ಬದಲಿಸಿ, ನಮ್ಮ ಮಾಡಿಗೆ ಗಾರೆ ಹಚ್ಚಲು ಮೇಸ್ತ್ರಿ ಹೇಳಿದ ಲೆಕ್ಕ 42,000. ಬಾಡಿಗೆ ವಸೂಲಿಗೆ ಬಂದ ಮೆಹತಾಜಿಗೆ ತೋರಿಸಿದೆ. ಆತ ಮೇಲೆ ನೋಡಿದ, ರಸೀದಿ ಹರಿದು ಕೊಟ್ಟ. "ಅರವತ್ತೆಂಟು ರೂಪಾಯಿಗೆ ಇನ್ನೇನು ಆಗ್ತದೆ ಸಾಹೇಬ್?" ಎಂದ.

ಸಿಟ್ಟು ಬಂತು. ಆದರೆ ಆ ಮಾತಿನ ಹಿಂದೆ ನೂರು ವರ್ಷದ ಕತೆಯಿದೆ.

ಮುಂಬಯಿಯಲ್ಲಿ ಬಾಡಿಗೆಗೆ ಮೊದಲು ಕಡಿವಾಣ ಬಿದ್ದದ್ದು ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲಿ. ಎರಡನೆಯ ಯುದ್ಧದಲ್ಲಿ ಮತ್ತೆ. 1947ರ ಬಾಡಿಗೆ ಕಾಯಿದೆ, 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅಳತೆಗೋಲು ಮಾಡಿತು. ಗಿರಣಿ ಕಾರ್ಮಿಕರು, ಹೋಟೆಲಿನ ಹುಡುಗರು, ನಮ್ಮ ಕರಾವಳಿಯಿಂದ ಬಂದವರು ಈ ಊರಲ್ಲಿ ಬೇರು ಬಿಟ್ಟದ್ದು ಆ ಕಾಯಿದೆಯ ನೆರಳಿನಲ್ಲೇ. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಬಾಡಿಗೆ ನಿಂತರೂ ಆಸೆ ನಿಲ್ಲಲಿಲ್ಲ. ಕದ್ದುಮುಚ್ಚಿ ಪಗಡಿ ಬೆಳೆಯಿತು. ಅಪ್ಪ ಹೋಟೆಲಿನಲ್ಲಿ ದುಡಿದು ಕೂಡಿಟ್ಟದ್ದನ್ನೆಲ್ಲ ಪಗಡಿ ಕೊಟ್ಟೇ ಈ ಖೋಲಿ ಹಿಡಿದದ್ದು. ಆ ಹಣಕ್ಕೆ ರಸೀದಿ ಇಲ್ಲ. ಬಾಡಿಗೆಯ ರಸೀದಿಗಳು ಮಾತ್ರ ತಗಡಿನ ಡಬ್ಬಿಯಲ್ಲಿ ಸಾಲಾಗಿವೆ.

ಕೈಗೆ ಏನೂ ಹುಟ್ಟದ ಮಾಲಕರು ಕಟ್ಟಡಗಳ ಕಡೆ ತಿರುಗಿ ನೋಡುವುದನ್ನು ಬಿಟ್ಟರು. ಮಳೆಗಾಲ ಬಂದರೆ ಎಲ್ಲೋ ಒಂದು ಚಾಳು ಕುಸಿಯುವುದು ವಾಡಿಕೆಯಾಯಿತು. ಬೇಡೇಕರ್ ಸಮಿತಿಯ ವರದಿಯ ನಂತರ 1969ರಲ್ಲಿ ಸರಕಾರ ದುರಸ್ತಿ ಮಂಡಳಿಯೊಂದನ್ನು ಮಾಡಿ, ಹಳೆಯ ಕಟ್ಟಡಗಳ ಮೇಲೆ ಸೆಸ್ ಹಾಕಿತು. ಅಂದು ಲೆಕ್ಕಕ್ಕೆ ಸಿಕ್ಕ ಕಟ್ಟಡಗಳು 19,642. ಬಹುಪಾಲು 1940ಕ್ಕಿಂತ ಹಳೆಯವು. ಮಂಡಳಿ ಮುಂದೆ ಮ್ಹಾಡಾದ ಭಾಗವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಮಂಡಳಿಯ ಕೆಲಸ ಕಟ್ಟಡದ ಅಸ್ಥಿಪಂಜರದ್ದು: ತೊಲೆ, ಕಂಬ, ಗೋಡೆ. ತೊಟ್ಟಿಕ್ಕುವ ಮೋರಿ ಮಾಲಕ ಬಾಡಿಗೆದಾರರ ನಡುವಿನ ವಿಚಾರ. ನಮ್ಮಂಥ ಕಟ್ಟಡದ ತೊಲೆ ಸಾಗುವಾನಿ ಮರದ್ದು, ಅದರ ತುದಿ ಗೋಡೆಯೊಳಗೆ ಹೂತಿರುತ್ತದೆ. ನೀರು ಕುಡಿದ ಗೋಡೆಯಲ್ಲಿ ಅದು ಕೊಳೆಯುವುದು ಹೊರಗೆ ಕಾಣುವುದಿಲ್ಲ. ಅಂದರೆ ತೊಲೆ ಕೊಳೆತ ಮೇಲೆ ಕೇಳುವವರಿದ್ದಾರೆ, ಕೊಳೆಯುವ ಮೊದಲು ಯಾರೂ ಇಲ್ಲ.

ಕಾಯಿದೆ ಪೂರ್ತಿ ಕೈಬಿಟ್ಟಿಲ್ಲ ಅನ್ನಿ. 1999ರ ಬಾಡಿಗೆ ಕಾಯಿದೆಯ 14ನೆಯ ಕಲಮಿನ ಪ್ರಕಾರ ದುರಸ್ತಿ ಮಾಲಕನ ಹೊಣೆ. ನೋಟೀಸು ಕೊಟ್ಟರೂ ಆತ ಮಾಡದಿದ್ದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಒಂದು ವರ್ಷಕ್ಕೆ ಮುರಿದುಕೊಳ್ಳುವ ಹಣ ಆ ವರ್ಷದ ಬಾಡಿಗೆಯ ಕಾಲು ಭಾಗ ಮೀರಬಾರದು, ಅಷ್ಟೆ. ನಮ್ಮ ವರ್ಷದ ಬಾಡಿಗೆ 816, ಕಾಲು ಭಾಗ 204. ಈಗಿನ ಬಾಡಿಗೆಯಲ್ಲಿ 42,000 ತೀರಲು 206 ವರ್ಷ! ಅಮ್ಮನಿಗೆ ಹೇಳಿದೆ. "ಅಷ್ಟು ದಿನ ನಾನು ಇರುದಿಲ್ಲ ಮಾರಾಯ" ಎಂದು ನಕ್ಕರು.

ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲೇ ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಟ್ಟದ್ದು ಈಗ ನ್ಯಾಯವಲ್ಲ ಎಂದಿತ್ತು. ಆ ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ. ಓದುವಾಗ ಊರಿನ ಬಂದರು ಕಣ್ಣಮುಂದೆ ಬಂತು. ಕಾಯಿದೆಯ ಅವಧಿ ಹೇಗೂ ಮುಗಿಯುತ್ತ ಬಂದಿದ್ದರಿಂದ ನ್ಯಾಯಾಲಯ ಅದನ್ನು ರದ್ದು ಮಾಡಲಿಲ್ಲ. ಹೊಸ ಕಾಯಿದೆ ವರ್ಷಕ್ಕೆ ಶೇ. 4ರ ಏರಿಕೆ ಕೊಟ್ಟಿತು. ಪಗಡಿಯೂ ಸಕ್ರಮವಾಯಿತು.

2017ರ ಆಗಸ್ಟ್ 29ರ ಮಹಾಮಳೆ ನೆನಪಿರಬಹುದು. ಎರಡು ದಿನದ ಮೇಲೆ, 31ರ ಬೆಳಿಗ್ಗೆ, ಇಲ್ಲೇ ಪಕ್ಕದ ಭೇಂಡಿ ಬಜಾರಿನಲ್ಲಿ ಹುಸೈನಿ ಕಟ್ಟಡ ಕುಸಿದು 33 ಜನ ಸತ್ತರು. ಅಂದಿನಿಂದ ಮಾಡಿನಲ್ಲಿ ಒದ್ದೆ ಕಲೆ ಕಂಡರೆ ಅಮ್ಮ ಪೆನ್ಸಿಲಿನಲ್ಲಿ ಅದರ ಅಂಚಿಗೆ ಗೆರೆ ಎಳೆಸುತ್ತಾರೆ, ಬೆಳೆಯುತ್ತದೋ ಎಂದು ನೋಡಲು.

ಕೊನೆಗೆ ಮೇಲಿನ ಮನೆಯ ಮಾವಶಿ ಕೆಳಗಿಳಿದು ಬಂದು, ಮೋರಿ ತನ್ನದು, ಅರ್ಧ ತನ್ನದು ಎಂದರು. ಉಳಿದರ್ಧಕ್ಕೆ ಅಮ್ಮ ಚೀಟಿ ಎತ್ತಿದರು. ಮುಂದಿನ ತಿಂಗಳು ಬಂದ ಮೆಹತಾಜಿ ಹೊಸ ಗಾರೆ ನೋಡಿ, "ಒಳ್ಳೆ ಕೆಲಸ" ಎಂದು, 68 ರೂಪಾಯಿಗೆ ರಸೀದಿ ಹರಿದ.