ರಾಜನ ಮರ, ಸನ್ಯಾಸಿ ಜೀರುಂಡೆ

ಇತಿಹಾಸವೆಂದರೆ ರಾಜರ, ಯುದ್ಧಗಳ, ಒಪ್ಪಂದಗಳ ಕಥೆ. ಕೀಟಗಳ ಅಧ್ಯಯನವೆಂದರೆ ಜೀವವಿಜ್ಞಾನದ ಪಾಠ. ಶಾಲೆಯ ವೇಳಾಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ತರಗತಿಗಳಲ್ಲಿ ಬರುತ್ತವೆ. ಆದರೆ ಉತ್ತರ ಯೂರೋಪಿನ ಸ್ವೀಡನ್ ದೇಶದಲ್ಲಿ ಒಂದು ಜೀರುಂಡೆ ಇಂದು ಎಲ್ಲಿ ಬದುಕಿದೆ, ಎಲ್ಲಿ ಬದುಕಿಲ್ಲ ಎಂಬ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ, ನಾವು 1558ರ ಒಂದು ರಾಜಾಜ್ಞೆಯವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ.

ಈ ಜೀರುಂಡೆಯ ವೈಜ್ಞಾನಿಕ ಹೆಸರು ಆಸ್ಮೊಡರ್ಮಾ ಎರೆಮಿಟಾ. ಜಿಯೋವಾನಿ ಸ್ಕೋಪೊಲಿ ಎಂಬ ಪ್ರಕೃತಿವಿಜ್ಞಾನಿ 1763ರಲ್ಲಿ ಇದನ್ನು ಮೊದಲು ವರ್ಣಿಸಿದನು. ಎರೆಮಿಟಾ ಎಂದರೆ ಏಕಾಂತವಾಸಿಯಾದ ಸನ್ಯಾಸಿ ಎಂದರ್ಥ. ಸುಮಾರು ಮೂರು ಸೆಂಟಿಮೀಟರ್ ಉದ್ದದ, ಕಪ್ಪು ಮಿಶ್ರಿತ ಕಂದು ಬಣ್ಣದ ಈ ಕೀಟ ಮರದ ಪೊಟರೆಯೊಳಗೆ ಬಾಳುವುದರಿಂದ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಗಂಡು ಜೀರುಂಡೆ ಮಾಗಿದ ಪೀಚ್ ಹಣ್ಣಿನಂಥ ಪರಿಮಳವನ್ನು ಹೊರಸೂಸಿ ಹೆಣ್ಣನ್ನು ಕರೆಯುತ್ತದೆ. ಈ ಪರಿಮಳದ ರಾಸಾಯನಿಕವನ್ನು ಸ್ವೀಡನ್ನಿನ ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ವಿಚಿತ್ರವೆಂದರೆ, ಇದೇ ವಾಸನೆಯ ಜಾಡು ಹಿಡಿದು ಇನ್ನೊಂದು ಜಾತಿಯ ಕೆಂಪು ಜೀರುಂಡೆಯೂ ಬರುತ್ತದೆ. ಅದರ ಮರಿಹುಳುಗಳು ಸನ್ಯಾಸಿ ಜೀರುಂಡೆಯ ಮರಿಹುಳುಗಳನ್ನು ಹಿಡಿದು ತಿನ್ನುತ್ತವೆ.

ಮುದಿ ಓಕ್ ಮರದ ಪೊಟರೆಯೊಳಗೆ ಏನಿರುತ್ತದೆ? ಶಿಲೀಂಧ್ರಗಳು ಒಳಗಿನ ಮರವನ್ನು ನಿಧಾನವಾಗಿ ಕೊಳೆಸಿ ಮೆದು ಮಾಡುತ್ತವೆ. ಹಕ್ಕಿಯ ಗೂಡುಗಳ ಅವಶೇಷ, ಬಾವಲಿಯ ಹಿಕ್ಕೆ, ಒಣಗಿದ ಎಲೆ, ಸತ್ತ ಕೀಟಗಳ ಚೂರು ಎಲ್ಲವೂ ಸೇರಿ ತಳದಲ್ಲಿ ಕಪ್ಪು ಗೊಬ್ಬರದಂಥ ಪುಡಿ ತುಂಬಿಕೊಳ್ಳುತ್ತದೆ. ಹಳೆಯ ಮರವೊಂದರಲ್ಲಿ ಇಂಥ ಪುಡಿ ನೂರಾರು ಲೀಟರುಗಳಷ್ಟು ಇರಬಹುದು. ಸನ್ಯಾಸಿ ಜೀರುಂಡೆಯ ಮರಿಹುಳು ಈ ಪುಡಿಯಲ್ಲಿ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೆಳೆದು, ಪೊಟರೆಯ ಗೋಡೆಯನ್ನು ಕೆರೆದು ತಿನ್ನುತ್ತ ಮನೆಯನ್ನು ಇನ್ನಷ್ಟು ವಿಸ್ತರಿಸುತ್ತದೆ. ಚಳಿಯ ದೇಶವಾದ್ದರಿಂದ ಇನ್ನೊಂದು ಷರತ್ತೂ ಉಂಟು: ಕಾಂಡಕ್ಕೆ ಬಿಸಿಲು ಬೀಳಬೇಕು. ದಟ್ಟ ಕಾಡಿನ ನೆರಳಿನಲ್ಲಿರುವ ಮರಕ್ಕಿಂತ ಬಯಲಿನಲ್ಲಿ ಒಂಟಿಯಾಗಿ ನಿಂತ ಮರವೇ ಇದಕ್ಕೆ ಹೆಚ್ಚು ಹಿತ.

ಸ್ವೀಡನ್ನಿನ ಲಿಂಚೋಪಿಂಗ್ ಪಟ್ಟಣದ ಬಳಿ ಬ್ಯಾರ್ಕಾ-ಸೇಬಿ ಎಂಬ ಹಳೆಯ ಜಮೀನ್ದಾರಿ ಪ್ರದೇಶವಿದೆ. ಥಾಮಸ್ ರಾನಿಯಸ್ ಮತ್ತು ಯೊನಾಸ್ ಹೆಡಿನ್ ಎಂಬ ಸಂಶೋಧಕರು ಅಲ್ಲಿನ ಪೊಟರೆಗಳಲ್ಲಿ ಡಬ್ಬಿಗಳನ್ನು ಹುಗಿದು, ಬಿದ್ದ ಜೀರುಂಡೆಗಳಿಗೆ ಗುರುತು ಹಾಕಿ ಬಿಟ್ಟು, ಅವು ಮತ್ತೆ ಎಲ್ಲಿ ಸಿಗುತ್ತವೆಂದು ಹಲವು ವರ್ಷ ಲೆಕ್ಕವಿಟ್ಟರು. 2001ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ: ಹುಟ್ಟಿದ ಮರವನ್ನು ಬಿಟ್ಟು ಬೇರೆ ಮರಕ್ಕೆ ಹೋಗುವ ಜೀರುಂಡೆಗಳು ಸುಮಾರು 100ಕ್ಕೆ 15 ಮಾತ್ರ. ಉಳಿದವು ಹುಟ್ಟಿದ ಪೊಟರೆಯಲ್ಲೇ ಬಾಳಿ ಅಲ್ಲೇ ಸಾಯುತ್ತವೆ. ಹೊರಟವೂ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಾಚೆ ಹೋಗುವುದಿಲ್ಲ. ಅಂದರೆ ಒಂದು ಮುದಿ ಮರ ಬಿದ್ದರೆ, ಹತ್ತಿರದಲ್ಲೇ ಇನ್ನೊಂದು ಮುದಿ ಮರ ಸಿದ್ಧವಾಗಿರಬೇಕು.

ಆದರೆ ಪೊಟರೆ ಸಿದ್ಧವಾಗಲು ಎಷ್ಟು ಕಾಲ ಬೇಕು? 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ನೀಡಿತು. 100 ವರ್ಷಕ್ಕಿಂತ ಕಡಿಮೆ ವಯಸ್ಸಿನ ಓಕ್ ಮರಗಳಲ್ಲಿ ಪೊಟರೆ ಇದ್ದದ್ದು ಶೇಕಡಾ ಒಂದಕ್ಕಿಂತಲೂ ಕಡಿಮೆ. 200ರಿಂದ 300 ವರ್ಷದ ಮರಗಳಲ್ಲಿ ಅರ್ಧದಷ್ಟಕ್ಕೆ ಪೊಟರೆ ಇತ್ತು. 400 ವರ್ಷ ದಾಟಿದ ಎಲ್ಲ ಮರಗಳಲ್ಲೂ ಇತ್ತು. ಹಾಗಾದರೆ ಇಂದು ಜೀರುಂಡೆಗೆ ಮನೆಯಾಗಿರುವ ಮರಗಳು ಸಸಿಗಳಾಗಿದ್ದಾಗ ಸ್ವೀಡನ್ನನ್ನು ಆಳುತ್ತಿದ್ದವರು ಯಾರು, ಅವನ್ನು ಕಡಿಯದೆ ಬಿಟ್ಟವರು ಯಾರು? ಪ್ರಶ್ನೆ ಇಲ್ಲಿಂದ ಇತಿಹಾಸದ ಅಂಗಳಕ್ಕೆ ಬರುತ್ತದೆ.

ಆಧುನಿಕ ಸ್ವೀಡನ್ನಿನ ಸ್ಥಾಪಕನೆಂದು ಹೆಸರಾದ ದೊರೆ ಗುಸ್ತಾವ್ ವಾಸಾ 1523ರಿಂದ 1560ರವರೆಗೆ ಆಳಿದನು. ಅವನ ಆಳ್ವಿಕೆಯ ಕೊನೆಗಾಲದಲ್ಲಿ, 1558ರಲ್ಲಿ, ರೈತರ ಜಮೀನಿನಲ್ಲಿರುವ ಓಕ್ ಮರಗಳೆಲ್ಲ ರಾಜನ ಸ್ವತ್ತೆಂದು ಘೋಷಿಸಲಾಯಿತು. ಯುದ್ಧನೌಕೆ ಕಟ್ಟಲು ಓಕ್ ಬೇಕಿತ್ತು. ಅದರಲ್ಲೂ ಬಯಲಿನಲ್ಲಿ ಬೆಳೆದು ಕೊಂಬೆ ಬಾಗಿದ ಮರಗಳಿಂದಲೇ ಹಡಗಿನ ಪಕ್ಕೆಲುಬುಗಳಿಗೆ ತಕ್ಕ ಬಾಗುದಿಮ್ಮಿಗಳು ದೊರೆಯುತ್ತಿದ್ದವು. 1628ರಲ್ಲಿ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಪ್ರಸಿದ್ಧ ನೌಕೆ ವಾಸಾ ಒಂದಕ್ಕೇ ಸಾವಿರಕ್ಕೂ ಹೆಚ್ಚು ಓಕ್ ಮರಗಳು ಬೇಕಾದವು.

ಈ ಆಜ್ಞೆಯನ್ನು ರೈತನ ಕಣ್ಣಿನಿಂದಲೂ ನೋಡಬೇಕು. ಸ್ವೀಡನ್ನಿನ ಚಳಿಗಾಲ ದೀರ್ಘವಾದುದು. ದನಕರುಗಳು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ನಿಲ್ಲುವುದರಿಂದ ಹುಲ್ಲುಗಾವಲಿನ ಒಣಹುಲ್ಲೇ ಸಂಸಾರದ ಆಧಾರ. ಹರಡಿ ನಿಂತ ಓಕ್ ಮರದ ನೆರಳಿನಲ್ಲಿ ಹುಲ್ಲು ಸರಿಯಾಗಿ ಬರುವುದಿಲ್ಲ. ನೇಗಿಲಿಗೆ ಅದರ ಬೇರು ಅಡ್ಡ. ಕಡಿದರೆ ದಂಡ, ಉಳಿಸಿದರೆ ನಷ್ಟ. ತನ್ನ ನೆಲದಲ್ಲಿ ನಿಂತಿದ್ದರೂ ತನ್ನದಲ್ಲದ ಮರ ಅದು. ಹೀಗಾಗಿ ರೈತನಿಗೆ ಓಕ್ ಎಂದರೆ ದ್ವೇಷ ಬೆಳೆದದ್ದು ಸಹಜ. ದೊಡ್ಡ ಮರ ಮುಟ್ಟುವಂತಿಲ್ಲದಿದ್ದರೂ ಎಳೆಯ ಸಸಿಯನ್ನು ಯಾರ ಕಣ್ಣಿಗೂ ಬೀಳುವ ಮುನ್ನ ಕಿತ್ತೆಸೆಯಬಹುದಿತ್ತು. ಕಾನೂನು ನಿಂತ ಮರಗಳನ್ನು ಕಾಯಿತು, ಆದರೆ ಮುಂದಿನ ಪೀಳಿಗೆಯ ಮರಗಳನ್ನು ಕಾಯಲಾರದೆ ಹೋಯಿತು.

ಶ್ರೀಮಂತ ಸರದಾರರಿಗೆ ಈ ನಿರ್ಬಂಧ ಅನ್ವಯಿಸುತ್ತಿರಲಿಲ್ಲ. ಅವರ ಜಮೀನಿನ ಓಕ್ ಅವರದೇ ಆಗಿತ್ತು. ಮರ ಅವರಿಗೆ ಬೆಲೆಬಾಳುವ ಆಸ್ತಿಯೂ ಹೌದು, ಮನೆತನದ ಅಂತಸ್ತಿನ ಗುರುತೂ ಹೌದು. ಆದ್ದರಿಂದ ಅವರು ಉಳಿಸಿದರು.

ಮುಂದೆ 1830ರ ಕಾಯಿದೆಯಿಂದ ಸ್ವಂತ ಭೂಮಿಯುಳ್ಳ ರೈತರಿಗೆ ತಮ್ಮ ಓಕ್ ಮರಗಳ ಮೇಲೆ ಹಕ್ಕು ಪಡೆಯುವ ದಾರಿ ತೆರೆಯಿತು. ಸುಮಾರು ಮೂರು ಶತಮಾನಗಳ ಸಿಟ್ಟು ಒಮ್ಮೆಗೇ ಕೊಡಲಿಯಾಗಿ ಹೊರಬಂತು. ಮುಂದಿನ ಕೆಲವು ದಶಕಗಳಲ್ಲಿ ರೈತರ ನೆಲದ ಓಕ್‌ಗಳ ಬಹುಪಾಲು ಉರುಳಿತು. ಅದೇ ಕಾಲಕ್ಕೆ ಸರ್ಕಾರ ವೆಟ್ಟರ್ನ್ ಸರೋವರದ ವಿಸಿಂಗ್ಸೋ ದ್ವೀಪದಲ್ಲಿ ನೌಕಾಪಡೆಗಾಗಿ ಸುಮಾರು 3 ಲಕ್ಷ ಓಕ್ ಸಸಿಗಳನ್ನು ನೆಡಿಸಿತು. ಮರಗಳು ಸಿದ್ಧವಾಗಿವೆಯೆಂದು ಅರಣ್ಯ ಇಲಾಖೆ 1975ರಲ್ಲಿ ನೌಕಾಪಡೆಗೆ ತಿಳಿಸಿತು. ಅಷ್ಟರಲ್ಲಿ ಯುದ್ಧನೌಕೆಗಳು ಉಕ್ಕಿನವಾಗಿ ಬಹುಕಾಲವಾಗಿತ್ತು! ನೇರ ದಿಮ್ಮಿಗಾಗಿ ಒತ್ತೊತ್ತಾಗಿ ನೆಟ್ಟ ಅಂಥ ತೋಪು, ಬಿಸಿಲು ಬೇಡುವ ಪೊಟರೆಯ ಜೀರುಂಡೆಗೂ ಹೇಳಿ ಮಾಡಿಸಿದ ಮನೆಯಲ್ಲ.

ಇನ್ನು ಇಂದಿನ ನಕ್ಷೆಯನ್ನು ನೋಡೋಣ. ಸ್ವೀಡನ್ನಿನಲ್ಲಿ ಸನ್ಯಾಸಿ ಜೀರುಂಡೆ ಹೇರಳವಾಗಿ ಉಳಿದಿರುವುದು ಓಸ್ಟರ್‌ಯೋಟ್ಲಂಡ್ ಮುಂತಾದ ದಕ್ಷಿಣ ಪ್ರಾಂತ್ಯಗಳ ಹಳೆಯ ಸರದಾರಿ ಎಸ್ಟೇಟುಗಳಲ್ಲಿ. ಹಳೆಯ ರೈತಹಳ್ಳಿಗಳಲ್ಲಿ ಅದು ಅಪರೂಪ. ಇಂಥದೇ ಇನ್ನೊಂದು ಉದಾಹರಣೆ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪದಲ್ಲಿದೆ. ಲಿನೀಯಸ್ 1758ರಲ್ಲಿ ಹೆಸರಿಸಿದ, ಉದ್ದ ಮೀಸೆಯ ದೊಡ್ಡ ಓಕ್ ಜೀರುಂಡೆ ಸ್ವೀಡನ್ನಿನಲ್ಲಿ ಕೊನೆಗೆ ಉಳಿದದ್ದು ಆ ದ್ವೀಪದ ಹಾಲ್ಟಾರ್ಪ್ ಎಂಬ ಒಂದೇ ತೋಪಿನಲ್ಲಿ. ಓಲಂಡ್ 1569ರಿಂದ 1801ರವರೆಗೆ ರಾಜರ ಬೇಟೆಯ ಮೀಸಲು ಪ್ರದೇಶವಾಗಿತ್ತು. ಜೀರುಂಡೆಗಳು ಚರಿತ್ರೆಯನ್ನು ಓದಲಾರವು, ಆದರೆ ಅವುಗಳ ನೆಲೆಗಳ ನಕ್ಷೆಯಲ್ಲಿ ಹಳೆಯ ಒಡೆತನದ ಗಡಿಗಳು ಇನ್ನೂ ಕಾಣುತ್ತವೆ.

ಆದರೆ ಉಳಿದ ಮರಗಳೂ ಸುರಕ್ಷಿತವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹುಲ್ಲು ಕೊಯ್ಯುವುದೂ ದನ ಮೇಯಿಸುವುದೂ ಎಷ್ಟೋ ಕಡೆ ನಿಂತುಹೋದವು. ಖಾಲಿ ಬಿದ್ದ ಗಾವಲಿನಲ್ಲಿ ಸ್ಪ್ರೂಸ್ ಮುಂತಾದ ಮರಗಳು ಎದ್ದು ಮುದಿ ಓಕ್‌ಗಳ ಬಿಸಿಲನ್ನು ಕಸಿದವು. ಮುದಿ ಮರಗಳೂ ಇವೆ, ಎಳೆಯ ಮರಗಳೂ ಇವೆ. ಆದರೆ ಇವೆರಡರ ನಡುವಿನ ವಯಸ್ಸಿನವು ಹಲವೆಡೆ ಸಾಕಷ್ಟಿಲ್ಲ. ಮುದಿ ಮರಗಳು ಸತ್ತು ಎಳೆಯವು ಪೊಟರೆ ಬಿಡುವ ಮುನ್ನ ನಡುವೆ ಬರುವ ಖಾಲಿ ಕಾಲವನ್ನು ಜೀರುಂಡೆ ಹೇಗೆ ದಾಟಬೇಕು? ಇಂದು ಜೀವಂತವಾಗಿ ಕಾಣುವ ಕೀಟಸಂಕುಲವೊಂದು ನೂರೈವತ್ತು ವರ್ಷಗಳ ಹಿಂದಿನ ಕಡಿತದ ಸಾಲವನ್ನು ಇನ್ನು ಮುಂದೆ ತೀರಿಸಬೇಕಾಗಬಹುದು. ಪರಿಸರ ವಿಜ್ಞಾನಿಗಳು ಇದನ್ನು ಅಳಿವಿನ ಸಾಲ ಎಂದೇ ಕರೆಯುತ್ತಾರೆ.

ಇದಕ್ಕೆ ಪರಿಹಾರದ ಯತ್ನಗಳೂ ನಡೆದಿವೆ. ಯೂರೋಪಿನ ರಾಷ್ಟ್ರಗಳು 1992ರ ನೆಲೆಗಳ ಸಂರಕ್ಷಣಾ ನಿರ್ದೇಶನದಲ್ಲಿ ಸನ್ಯಾಸಿ ಜೀರುಂಡೆಗೆ ಆದ್ಯತೆಯ ಸ್ಥಾನ ಕೊಟ್ಟವು. 1995ರಲ್ಲಿ ಯೂರೋಪಿಯನ್ ಒಕ್ಕೂಟ ಸೇರಿದ ಸ್ವೀಡನ್ನಿಗೂ ಅದು ಅನ್ವಯಿಸಿತು. ಓಸ್ಟರ್‌ಯೋಟ್ಲಂಡ್‌ನಲ್ಲಿ ವಿಜ್ಞಾನಿಗಳು ಓಕ್ ಹಲಗೆಯ ಪೆಟ್ಟಿಗೆಗಳಲ್ಲಿ ಮರದ ಹೊಟ್ಟು, ಓಕ್ ಎಲೆ, ಒಣಹುಲ್ಲು ತುಂಬಿ ಮರಗಳಿಗೆ ಕಟ್ಟಿದರು. ಕೆಲವಕ್ಕೆ ಕೋಳಿಗೊಬ್ಬರವನ್ನೂ ಸತ್ತ ಕೋಳಿಯನ್ನೂ ಹಾಕಿ ನಿಜವಾದ ಪೊಟರೆಯ ವಾತಾವರಣ ತರಲು ನೋಡಿದರು. ಕೆಲವೇ ವರ್ಷಗಳಲ್ಲಿ ಕೊಳೆತ ಮರವನ್ನು ಅವಲಂಬಿಸುವ 100ಕ್ಕೂ ಹೆಚ್ಚು ಜಾತಿಯ ಜೀರುಂಡೆಗಳು ಈ ಪೆಟ್ಟಿಗೆಗಳಿಗೆ ಬಂದವು. ಮುದಿ ಮರಗಳ ಸುತ್ತಲಿನ ಪೊದೆ ಕಡಿದು ಬಿಸಿಲು ಬಿಡಿಸುವ ಕೆಲಸ, ಗಾವಲಿಗೆ ದನಗಳನ್ನು ಮತ್ತೆ ತರುವ ಕೆಲಸ ನಡೆದಿವೆ. ಇವೆಲ್ಲ ನಡುವಿನ ಖಾಲಿ ಕಾಲಕ್ಕೆ ಹಾಕಿದ ಕಾಲುಸಂಕಗಳು ಮಾತ್ರ. ಸೇತುವೆಯಾಗಬೇಕಾದದ್ದು ಮರಗಳೇ.

ಈ ಕಥೆಯಿಂದ ವಿದ್ಯಾರ್ಥಿಗಳು ಎರಡು ವಿಷಯಗಳನ್ನು ಗಮನಿಸಬಹುದು. ಯಾವ ಜೀವಿಯ ನೆಲೆಯೂ ಕೇವಲ ಮಣ್ಣು, ಮಳೆ, ಬಿಸಿಲುಗಳಿಂದ ಆದದ್ದಲ್ಲ. ಮನುಷ್ಯರ ಕಾನೂನು, ಕಂದಾಯ, ಒಡೆತನಗಳೂ ಅದರಲ್ಲಿ ಸೇರಿವೆ. ಎರಡನೆಯದಾಗಿ, ಮರದ ಜೊತೆ ದಿನನಿತ್ಯ ಬಾಳುವವರನ್ನು ಶತ್ರುವಾಗಿಸಿ ಮರವನ್ನು ಕಾಯುವ ಕಾನೂನು, ಅದು ಸಡಿಲವಾದ ದಿನವೇ ಮರಕ್ಕೆ ಮುಳುವಾಗುತ್ತದೆ. ಇಂದು ಓಸ್ಟರ್‌ಯೋಟ್ಲಂಡ್‌ನ ಬಯಲಿನಲ್ಲಿ ಮೊಳೆಯುವ ಓಕ್ ಸಸಿಗೆ ಪೊಟರೆ ಬರುವುದು ಬಹುಶಃ 2200ನೆಯ ಇಸವಿಯ ಆಚೆಗೆ. ಅಲ್ಲಿಯವರೆಗೆ ಆರೇಳು ತಲೆಮಾರಿನ ರೈತರು ಅದರ ಸುತ್ತ ಹುಲ್ಲು ಕೊಯ್ಯಬೇಕು, ಮತ್ತು ಆ ಮರ ತಮ್ಮದೆಂದು ಅವರಿಗೆ ಅನ್ನಿಸಬೇಕು.