ಗುಬ್ಬಿ ಕಂಪನಿಯ ದನಿ: ರಂಗಗಾಯಕಿ ಬಿ. ಜಯಶ್ರೀ ಮತ್ತು ಅವರ ಹಿಂದಿನವರು

ಕನ್ನಡದ ವೃತ್ತಿ ರಂಗಭೂಮಿಯಲ್ಲಿ ನಟಿಯಾಗಬೇಕಾದವಳು ಮೊದಲು ಹಾಡಬಲ್ಲವಳಾಗಿರಬೇಕಿತ್ತು. ರೂಪ, ಅಭಿನಯ, ಮಾತಿನ ಒಪ್ಪ ಇವೆಲ್ಲ ಆಮೇಲಿನ ಮಾತು. ರಂಗಗೀತೆಯನ್ನು ಹಿಂದಿನ ಸಾಲಿನ ಪ್ರೇಕ್ಷಕನಿಗೂ ಸ್ಪಷ್ಟವಾಗಿ ಮುಟ್ಟಿಸುವ ಕಂಠ ಇಲ್ಲದವರಿಗೆ ಕಂಪನಿಯಲ್ಲಿ ದೊಡ್ಡ ಪಾತ್ರ ಸಿಗುವುದು ಕಷ್ಟವಿತ್ತು. ಈ ಪರಂಪರೆಯ ಮೊದಲ ಘಟ್ಟದಿಂದ ಇಂದಿನವರೆಗಿನ ದಾರಿಯನ್ನು ಒಂದೇ ಮನೆತನದಲ್ಲಿ ಕಾಣಬೇಕೆಂದರೆ ಗುಬ್ಬಿ ವೀರಣ್ಣನವರ ಮನೆತನವನ್ನು ನೋಡಬೇಕು. ಅವರ ಮೊಮ್ಮಗಳು ಬಿ. ಜಯಶ್ರೀ ಆ ದಾರಿಯ ಈಚಿನ ತುದಿಯಲ್ಲಿದ್ದಾರೆ.

ಬೆಂಗಳೂರಿನಿಂದ ಹೊರಟು ಯಶವಂತಪುರ, ತುಮಕೂರು ದಾಟಿ ಅರಸೀಕೆರೆಯ ಕಡೆಗೆ ಹೋಗುವ ರೈಲು ದಾರಿಯ ಮೇಲೆ ಗುಬ್ಬಿ ಇದೆ. ಗುಬ್ಬಿ ಕಂಪನಿ ಎಂದೇ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಆ ಊರಿನಲ್ಲಿ 1884ರಲ್ಲಿ ಹುಟ್ಟಿತು. ಬೆಂಗಳೂರಿನಿಂದ ಆ ಕಡೆಗೆ ಹಳಿ ಬಿದ್ದದ್ದೂ 1880ರ ದಶಕದಲ್ಲೇ. ಪರದೆ, ಪೆಟ್ಟಿಗೆ, ಉಡುಪು, ವಾದ್ಯಗಳನ್ನು ಹೇರಿಕೊಂಡು ಊರೂರು ಸುತ್ತುವ ಕಂಪನಿಗೆ ರೈಲಿನಷ್ಟು ಒದಗಿಬಂದದ್ದು ಬೇರೆ ಇರಲಾರದು. ಬಾಲನಟನಾಗಿ ಕಂಪನಿ ಸೇರಿದ ವೀರಣ್ಣನವರು 1917ರ ಹೊತ್ತಿಗೆ ಅದರ ಒಡೆಯರಾದರು.

ಆ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೂ ಗಂಡಸರೂ ಮಾಡುತ್ತಿದ್ದರು. ಮನೆತನಸ್ಥ ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಸಮಾಜ ಒಪ್ಪುತ್ತಿರಲಿಲ್ಲ. ಬಂದವರೆಲ್ಲ ಹೆಚ್ಚಾಗಿ ಹಾಡು, ಕುಣಿತವನ್ನೇ ಕಸುಬಾಗಿಸಿಕೊಂಡ ಮನೆಗಳವರು. ಉತ್ತರ ಕರ್ನಾಟಕದಲ್ಲಿ ಗುರ್ಲಹೊಸೂರಿನ ಯಲ್ಲವ್ವ, ಲಕ್ಷ್ಮೇಶ್ವರದ ಬಚ್ಚಾಸಾನಿ ಅವರಂಥವರು ಸ್ವತಃ ಕಂಪನಿ ಕಟ್ಟಿ ನಡೆಸಿದ್ದನ್ನು ನೆನೆದರೆ, ಈ ಹೆಣ್ಣುಮಕ್ಕಳ ಎದೆಗಾರಿಕೆಗೆ ಕನ್ನಡ ರಂಗಭೂಮಿ ಎಷ್ಟು ಋಣಿಯಾಗಿದೆ ಎಂಬುದು ತಿಳಿಯುತ್ತದೆ. ಆ ಋಣವನ್ನು ಚರಿತ್ರೆಕಾರರು ಸಾಕಷ್ಟು ತೀರಿಸಿಲ್ಲ.

ನೆರೆಯ ಕೊಂಕಣಿ ರಂಗಭೂಮಿಯಲ್ಲೂ ಇದೇ ತೊಡಕು ಇತ್ತು. ಅಲ್ಲಿನ ನಾಟಕ ಪ್ರಕಾರವಾದ ತಿಯಾತ್ರ್‌ನ ಮೊದಲ ಆಟ 1892ರಲ್ಲಿ ಮುಂಬಯಿಯಲ್ಲಿ ನಡೆಯಿತು. ಅಲ್ಲಿ ಹೆಣ್ಣೊಬ್ಬಳು ರಂಗಕ್ಕೆ ಬಂದದ್ದು 1904ರಲ್ಲಿ, ಜುವಾಂವ್ ಆಗೊಸ್ತಿನ್ಹೊ ಫೆರ್ನಾಂಡಿಸ್ ಅವರ ನಾಟಕವೊಂದರಲ್ಲಿ. ಆಕೆ ನಾಟಕಕಾರರ ಪತ್ನಿ ರೆಜಿನಾ. ತಿಯಾತ್ರ್‌ನಲ್ಲಿ ಅಂಕಗಳ ನಡುವೆ ಕತೆಗೆ ಸಂಬಂಧವಿಲ್ಲದ ‘ಕಾಂತಾರ್’ಗಳನ್ನು ಹಾಡುವ ರೂಢಿಯಿದೆ. ಹಾಗಾಗಿ ಅಲ್ಲಿ ಹಾಡುಗಾರ್ತಿ ಪಾತ್ರದ ಹಂಗಿಲ್ಲದೆಯೇ ಹೆಸರು ಮಾಡಬಹುದು. ಕನ್ನಡ ಕಂಪನಿ ನಾಟಕದಲ್ಲಿ ಹಾಡು ಪಾತ್ರದ ಬಾಯಿಂದಲೇ ಹೊರಡಬೇಕು. ‘ಸದಾರಮೆ’ ನಾಟಕದ ನಾಯಕಿ ಅಳುವುದೂ ರಾಗದಲ್ಲೇ, ಬೇಡುವುದೂ ರಾಗದಲ್ಲೇ.

ಗುಬ್ಬಿ ಕಂಪನಿಯಲ್ಲಿ ನಟಿಯರು ನೆಲೆ ನಿಂತದ್ದು ಸುಂದರಮ್ಮ, ಬಿ. ಜಯಮ್ಮ ಅವರ ಕಾಲದಲ್ಲಿ. ಇಬ್ಬರೂ ವೀರಣ್ಣನವರ ಬಾಳಸಂಗಾತಿಗಳೂ ಹೌದು. ಚಿಕ್ಕಮಗಳೂರಿನಲ್ಲಿ 1915ರಲ್ಲಿ ಹುಟ್ಟಿದ ಜಯಮ್ಮ ಬಾಲ್ಯದಲ್ಲೇ ಹಾಡಿನಿಂದ ಗುರುತಿಸಿಕೊಂಡವರು. ಯಶವಂತಪುರಕ್ಕೆ ಅಂಟಿಕೊಂಡ ಮಲ್ಲೇಶ್ವರದಲ್ಲಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ಮೂಕಿ ಚಿತ್ರಗಳನ್ನು ತೆಗೆದಾಗ ಜಯಮ್ಮನೇ ಅವುಗಳ ನಾಯಕಿ. ಬೆಲ್ಜಿಯಂನ ರಫಾಯೆಲ್ ಆಲ್ಗೊಯೆಟ್ 1931ರಲ್ಲಿ ‘ಹಿಸ್ ಲವ್ ಅಫೇರ್’ ನಿರ್ದೇಶಿಸಿದರೆ, 1932ರ ‘ಹರಿಮಾಯಾ’ ವೈ.ವಿ. ರಾವ್ ಅವರದು. ಕಂಠವೇ ಬಂಡವಾಳವಾಗಿದ್ದ ಗಾಯಕಿಯ ದನಿ ಅಲ್ಲಿ ಕೇಳಿಸಲೇ ಇಲ್ಲ. ವಾಕ್‌ಚಿತ್ರದ ಕಾಲ ಬಂದ ಮೇಲೆ ‘ಸುಭದ್ರಾ’ (1941), ‘ಜೀವನ ನಾಟಕ’ದಂಥ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ತೆಲುಗಿನ ‘ಸ್ವರ್ಗಸೀಮ’ದಲ್ಲೂ (1945) ನಟಿಸಿದರು.

ಈ ನಟಿಯರ ದುಡಿಮೆ ಎಂಥದಿತ್ತೆಂದು ತಿಳಿಯಲು ರಂಗದ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ರಂಗದ ಮುಂದೆ ಅಥವಾ ಪಕ್ಕದಲ್ಲಿ ಕಾಲು ಹಾರ್ಮೋನಿಯಂ ಮುಂದೆ ಕುಳಿತ ಮೇಷ್ಟ್ರು, ಅವರ ಪಕ್ಕದಲ್ಲಿ ತಬಲದವರು. ಪಾತ್ರದ ಮಾತು ಮುಗಿಯುವ ಹೊತ್ತಿಗೆ ಕೊನೆಯ ಪದ ತಾನಾಗಿ ಶ್ರುತಿಯತ್ತ ಏರುತ್ತದೆ. ಮೇಷ್ಟ್ರು ಆ ಸ್ವರವನ್ನು ಹಿಡಿದುಕೊಳ್ಳುತ್ತಾರೆ, ಮಾತೂ ಹಾಡೂ ಬೆಸೆದುಹೋಗುತ್ತವೆ. ಯುಗಳಗೀತೆ ಬಂದರೆ ಇನ್ನೊಂದು ಪೇಚು. ಗಂಡಸಿನ ದನಿ ಸಹಜವಾಗಿ ಕಪ್ಪು ಒಂದಕ್ಕೋ ಎರಡಕ್ಕೋ ನಿಂತರೆ ಹೆಣ್ಣಿನದು ಕಪ್ಪು ನಾಲ್ಕು, ಐದರ ಸುತ್ತ ಇರುತ್ತದೆ. ಹಾರ್ಮೋನಿಯಂ ಒಂದೇ, ಶ್ರುತಿಯೂ ಒಂದೇ. ಹಾಗಾಗಿ ಒಬ್ಬರು ಏರಬೇಕು ಇಲ್ಲವೇ ಇನ್ನೊಬ್ಬರು ಇಳಿಯಬೇಕು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಇಳಿದರೆ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಏರಿದರೆ ನಾಳೆಯ ಆಟಕ್ಕೆ ಗಂಟಲು ಉಳಿಯುವುದಿಲ್ಲ. ಇದರ ಮೇಲೆ ‘ಒನ್ಸ್ ಮೋರ್’ ಕೂಗು ಬಿತ್ತೆಂದರೆ ಅದೇ ಹಾಡನ್ನು ಮತ್ತೆ ಮೊದಲಿಂದ ಹಾಡಬೇಕು. ಸಾಯುವ ಪಾತ್ರವಾದರೂ ಎದ್ದು ಹಾಡುತ್ತಿತ್ತು. ರಾತ್ರಿಯಿಡೀ ನಡೆಯುವ ಆಟಗಳಲ್ಲಿ ಇದನ್ನೆಲ್ಲ ತಾಳಿಕೊಂಡ ಕಂಠಗಳಿಗೆ ಶಾಸ್ತ್ರೀಯ ಸಂಗೀತ ಕಛೇರಿಯ ಗೌರವ ಸಿಗಲಿಲ್ಲ ಎನ್ನುವುದು ನಿಜಕ್ಕೂ ಅನ್ಯಾಯ.

ಕೆಲವರು ಕನ್ನಡ ರಂಗವನ್ನು ಬಿಟ್ಟು ಹೊರಗೆ ಹೋದರು. ಬೀಳಗಿಯ ಅಕ್ಕತಂಗಿಯರಾದ ಗೋಹರ್‌ಬಾಯಿ, ಅಮೀರ್‌ಬಾಯಿ ಕರ್ನಾಟಕಿ ಮುಂಬಯಿ ಸೇರಿದರು. ಗೋಹರ್‌ಬಾಯಿ ಮರಾಠಿಯ ಬಾಲಗಂಧರ್ವರ ಜೊತೆ ರಂಗ ಹತ್ತಿದರೆ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅಮೀರ್‌ಬಾಯಿಯ ದನಿಯನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಇಲ್ಲೇ ಉಳಿದು ಬೇರೆ ದಾರಿ ತೆರೆದವರು ಮೈಸೂರಿನ ಆರ್. ನಾಗರತ್ನಮ್ಮ. ಗುಬ್ಬಿ ಕಂಪನಿಯೂ ಸೇರಿ ಹಲವು ಕಂಪನಿಗಳಲ್ಲಿ ದುಡಿದ ಅವರು 1958ರಲ್ಲಿ ಹೆಂಗಸರೇ ಇರುವ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಹಿಂದೆ ಗಂಡಸರು ಹೆಣ್ಣಾಗುತ್ತಿದ್ದರು. ನಾಗರತ್ನಮ್ಮ ಕಂಸನಾಗಿ, ರಾವಣನಾಗಿ, ಭೀಮನಾಗಿ ಗರ್ಜಿಸಿದರು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಬಿ. ಜಯಶ್ರೀ ಹುಟ್ಟಿದ್ದು 1950ರ ಜೂನ್ 9ರಂದು, ಬೆಂಗಳೂರಿನಲ್ಲಿ. ತಾಯಿ ಜಿ.ವಿ. ಮಾಲತಮ್ಮ ವೀರಣ್ಣನವರ ಮಗಳು. ಮಗು ಎಳೆಯ ವಯಸ್ಸಿನಲ್ಲೇ ತಾತನ ಕಂಪನಿಯ ರಂಗವೇರಿತು. ಕಂಪನಿ ಮಕ್ಕಳಿಗೆ ಹಾಡು ಕಲಿಸುವ ಗುರುಕುಲ ಬೇರೆ ಇರಲಿಲ್ಲ. ದೊಡ್ಡವರ ಆಟವನ್ನು ಪಕ್ಕದ ಪರದೆಯ ಸಂದಿಯಿಂದ ರಾತ್ರಿ ರಾತ್ರಿ ನೋಡಿ, ಕೇಳಿ ಕಲಿಯುವುದೇ ಪಾಠ. ಹಾಗೆ ಬಂದ ವಿದ್ಯೆಗೆ ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ತರಬೇತಿಯನ್ನು ಸೇರಿಸಿಕೊಂಡರು. ಇಬ್ರಾಹಿಂ ಅಲ್ಕಾಜಿಯವರು ಶಾಲೆಯ ನಿರ್ದೇಶಕರಾಗಿದ್ದ ಆ ಕಾಲದಲ್ಲಿ ಕಲಿತು 1973ರಲ್ಲಿ ಹೊರಬಂದರು. ವೀರಣ್ಣನವರು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ಅದು ಕನ್ನಡ ರಂಗಭೂಮಿ ಮಗ್ಗುಲು ಬದಲಿಸುತ್ತಿದ್ದ ಹೊತ್ತು. ಸಿನಿಮಾದ ಎದುರು ಕಂಪನಿಗಳು ಸೊರಗಿದ್ದವು. ಹವ್ಯಾಸಿ ರಂಗಭೂಮಿಯವರಿಗೆ ಕಂಪನಿ ನಾಟಕದ ಹಾಡು, ಝಗಮಗ ಎರಡೂ ಹಳತಾಗಿ ಕಂಡಿದ್ದವು. ಆದರೆ ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು 1972ರಲ್ಲಿ ‘ಜೋಕುಮಾರಸ್ವಾಮಿ’ ಆಡಿಸಿ, ಹಾಡಿಲ್ಲದೆ ಕನ್ನಡ ನಾಟಕ ಪೂರ್ಣವಾಗದು ಎಂಬುದನ್ನು ಮತ್ತೆ ತೋರಿಸಿಕೊಟ್ಟರು. ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದಾಗ ಇದೇ ಗಾಳಿ ಬೀಸುತ್ತಿತ್ತು. ‘ಲಕ್ಷಾಪತಿ ರಾಜನ ಕಥೆ’ ಮತ್ತು ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಈ ತಂಡದ ಹೆಸರನ್ನು ಊರಾಚೆಗೆ ಕೊಂಡೊಯ್ದವು. ಎರಡರಲ್ಲೂ ಜಾನಪದದ ಮಟ್ಟುಗಳು ಕತೆಯನ್ನು ಎಳೆದುಕೊಂಡು ಹೋಗುತ್ತವೆ.

ಜಯಶ್ರೀ ಅವರದು ತೆಳುವಾದ, ಏರುದನಿಯ ಕಂಠವಲ್ಲ. ಭಾರವಾದ, ತುಸು ಒರಟಾದ, ಎದೆಯಿಂದ ಹೊರಡುವ ದನಿ. ನಾಯಕಿಗೆ ಕೋಗಿಲೆಯ ಕಂಠವೇ ಬೇಕೆನ್ನುವ ರುಚಿಗೆ ಅದು ಹೊಂದದು. ಅವರ ದೊಡ್ಡ ಗೆಲುವು ಇರುವುದೂ ಇದರಲ್ಲೇ: ದನಿಯನ್ನು ರೂಢಿಗೆ ಬಗ್ಗಿಸದೆ, ದನಿಗೆ ತಕ್ಕ ಪಾತ್ರಗಳನ್ನು ಹುಡುಕಿಕೊಂಡರು. ಅದು ಎದ್ದು ಕಂಡದ್ದು ‘ಸದಾರಮೆ’ಯಲ್ಲಿ. ಒಂಟಿಯಾಗಿ ಸಿಕ್ಕ ಸದಾರಮೆಯನ್ನು ಒಲಿಸಿಕೊಳ್ಳಲು ಹೋಗಿ ಮೋಸಹೋಗುವ ಕಳ್ಳನ ಪಾತ್ರ ವೀರಣ್ಣನವರಿಗೆ ಮನೆಮಾತಿನ ಹೆಸರು ತಂದಿತ್ತು. ನಾಟಕವನ್ನು ಮತ್ತೆ ರಂಗಕ್ಕೆ ತಂದಾಗ ಜಯಶ್ರೀ ಆ ಕಳ್ಳನ ಪಾತ್ರವನ್ನೇ ವಹಿಸಿದರು. ತಾತನ ಹಾಡುಗಳನ್ನು ಮೊಮ್ಮಗಳು ಗಂಡುವೇಷದಲ್ಲಿ ಹಾಡಿದರು. ಅಲ್ಲಿ ಅನುಕರಣೆಯಿದ್ದಿದ್ದರೆ ಅದು ಒಂದೆರಡು ಆಟಕ್ಕೆ ಮುಗಿದುಹೋಗುತ್ತಿತ್ತು. ಹಾಡಿನ ನಡುವೆ ಮಾತು ನುಸುಳಿಸಿ ಪ್ರೇಕ್ಷಕರನ್ನು ನೇರ ಮಾತಾಡಿಸುವ ಕಂಪನಿಯ ಹಳೆಯ ಗುಟ್ಟು ಅವರಿಗೆ ಕರಗತವಾಗಿದ್ದರಿಂದ ಪಾತ್ರ ಹೊಸದಾಗಿ ಬದುಕಿತು.

ಚಿತ್ರರಂಗ ಅವರ ದನಿಯನ್ನು ಮುಖಕ್ಕಿಂತ ಹೆಚ್ಚು ಬಳಸಿಕೊಂಡಿತು. ಮಾಧವಿ, ಅಂಬಿಕಾ, ಜಯಪ್ರದಾ ಅವರಂಥ ನಾಯಕಿಯರ ಕನ್ನಡ ಮಾತುಗಳ ಹಿಂದೆ ಜಯಶ್ರೀ ಇದ್ದರು. ಟಿ.ಎಸ್. ನಾಗಾಭರಣರ ‘ನಾಗಮಂಡಲ’ದಲ್ಲಿ (1997) ಕುರುಡವ್ವನಾಗಿ ತೆರೆಯ ಮೇಲೆ ಬಂದರು. 2001ರ ‘ನನ್ನ ಪ್ರೀತಿಯ ಹುಡುಗಿ’ಯಲ್ಲಿ ಅವರು ಹಾಡಿದ ಕಾರಿನ ಹಾಡು, ನಾಟಕವನ್ನೇ ನೋಡದ ಪಡ್ಡೆ ಹುಡುಗರ ಬಾಯಲ್ಲೂ ನಲಿಯಿತು.

ನಿರ್ದೇಶನಕ್ಕಾಗಿ 1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ನಡುವೆ ಕೆಲಕಾಲ ಮೈಸೂರಿನ ರಂಗಾಯಣದ ನಿರ್ದೇಶಕಿಯಾಗಿದ್ದರು. 2010ರಿಂದ 2016ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯೆ.

ಕಂಪನಿ ಹಾಡುಗಳು ಇಂದು ಬಹುಪಾಲು ನಾಟಕದಿಂದ ಬೇರ್ಪಟ್ಟು ‘ರಂಗಗೀತೆ’ ಕಾರ್ಯಕ್ರಮಗಳಲ್ಲಿ ಉಳಿದಿವೆ. ಹಾರ್ಮೋನಿಯಂ ಮೇಷ್ಟ್ರು ಆರ್. ಪರಮಶಿವನ್ ಅವುಗಳನ್ನು ಮರೆವಿನಿಂದ ಎತ್ತಿ ಹೊಸಬರಿಗೆ ಕಲಿಸಿದರು. ಜಯಶ್ರೀ ಅವುಗಳನ್ನು ಹಾಡುವಾಗ ಸನ್ನಿವೇಶ ಹೇಳಿ, ಪಾತ್ರದ ಮಾತಾಡಿ, ಆ ಮಾತಿನ ತುದಿಯಿಂದಲೇ ಹಾಡಿಗೆ ಇಳಿಯುತ್ತಾರೆ. ವೇಷ, ಪರದೆ ಇಲ್ಲದಿದ್ದರೂ ಹಾಡು ತನ್ನ ನಾಟಕವನ್ನು ಹೊತ್ತುಕೊಂಡೇ ಬರುತ್ತದೆ. ಬರೀ ಸ್ವರಲಿಪಿ ನೋಡಿ ಕಲಿತವರ ಗಾಯನದಲ್ಲಿ ಎಷ್ಟೇ ಸೊಗಸಿದ್ದರೂ ಮಾತಿನಿಂದ ಹಾಡಿಗೆ ದಾಟುವ ಆ ಹೆಜ್ಜೆ ಸಿಗುವುದು ಅಪರೂಪ.